ಏನ್ ಮುಟ್ದೆ ನೀನು?

ಪಿಯುಸಿ ರಜೆಯಲ್ಲಿ ನಮ್ಮ ಹೋಬಳಿಯ ಒಂದು ಡಿಟಿಪಿ ಅಂಗಡಿಯಲ್ಲಿ ಕೂರ್ತಿದ್ದೆ. ತಿಂಗಳಿಗೆ 400 ರೂಪಾಯಿ. ಇದ್ದದ್ದು ಒಂದೇ ಕಂಪ್ಯೂಟರ್, ವಿಂಡೋಸ್ 98. ಲಗ್ನಪತ್ರಿಕೆ, ತಿಥಿ ಕಾರ್ಡು, ಪಂಚಾಯ್ತಿ ಎಲೆಕ್ಷನ್ ಕರಪತ್ರ ಎಲ್ಲಾ ಅದರಲ್ಲೇ. ಒಂದು ಮಧ್ಯಾಹ್ನ ಅಂಗಡಿ ಅಣ್ಣ ಊಟಕ್ಕೆ ಹೋದಾಗ, ಮ್ಯಾಗಜೀನ್ ಜೊತೆ ಬಂದಿದ್ದ ಸಿಡಿಯಿಂದ ಒಂದು ಗೇಮ್ ಇನ್‌ಸ್ಟಾಲ್ ಮಾಡಿದೆ. ಗೇಮ್ ಚೆನ್ನಾಗೇ ಓಡ್ತು. ಆಮೇಲೆ ಕಾರ್ಡ್ ಡಿಸೈನ್ ಮಾಡೋ ಸಾಫ್ಟ್‌ವೇರ್ ಓಪನ್ ಮಾಡಿದ್ರೆ 'ಲಿಂಕ್ಡ್ ಟು ಮಿಸ್ಸಿಂಗ್ ಎಕ್ಸ್‌ಪೋರ್ಟ್' ಅಂತ ಒಂದು ಬಾಕ್ಸು. ಓಕೆ ಒತ್ತೋದು ಬಿಟ್ಟು ಬೇರೆ ದಾರಿ ಇಲ್ಲ. ಗೇಮ್ ತೆಗೆದುಹಾಕಿದೆ. ಮತ್ತದೇ ಬಾಕ್ಸು.

"ಏನ್ ಮುಟ್ದೆ ನೀನು?" ಅಂದ್ರು ಅಣ್ಣ. ತಾಲ್ಲೂಕಿಂದ ಬಂದ ಸರ್ವೀಸ್ ಹುಡುಗ ಅರ್ಧ ಗಂಟೆ ನೋಡಿ ಫಾರ್ಮ್ಯಾಟ್ ಹೊಡೆದ. ಮಾರನೇ ದಿನ ಪ್ರಿಂಟಿಗೆ ಹೋಗಬೇಕಿದ್ದ ಎರಡು ಲಗ್ನಪತ್ರಿಕೆ ಅದರ ಜೊತೆಗೇ ಹೋದವು. ಆ ತಿಂಗಳ ಸಂಬಳ ನಾನೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ಮುಟ್ಟಬಾರದ್ದನ್ನ ಮುಟ್ಟಿ ಕೆಡಿಸಿದೆ ಅಂತಲೇ ಎಷ್ಟೋ ವರ್ಷ ನಂಬಿದ್ದೆ.

ಬಿಇ ಮುಗಿಸಿ, ಕೆಲಸಕ್ಕೆ ಸೇರಿ, ಇನ್‌ಸ್ಟಾಲರ್ ಬರೆಯೋ ಟೀಮಿಗೆ ಬಿದ್ದ ಮೇಲಷ್ಟೇ ಇದರ ಹಿಂದಿನ ಕತೆ ಗೊತ್ತಾಗಿದ್ದು. ಅದು ಶುರುವಾಗೋದು ಬಡತನದಿಂದ. 1985ರ ನವೆಂಬರ್‌ನಲ್ಲಿ ವಿಂಡೋಸ್‌ನ ಮೊದಲ ಆವೃತ್ತಿ ಬಂದಾಗ ಅದಕ್ಕೆ ಬೇಕಿದ್ದ ಕನಿಷ್ಠ ಮೆಮೊರಿ 256 ಕೆಬಿ. ಇವತ್ತು ವಾಟ್ಸ್ಯಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋ ಕೂಡ ಕೆಲವೊಮ್ಮೆ ಅದಕ್ಕಿಂತ ದೊಡ್ಡದಿರುತ್ತೆ. ಅಷ್ಟು ಜಾಗದಲ್ಲಿ ಪ್ರತಿ ಪ್ರೋಗ್ರಾಮೂ ಕಿಟಕಿ ಬಿಡಿಸೋ, ಅಕ್ಷರ ಮೂಡಿಸೋ ಕೋಡನ್ನ ತಾನೇ ಹೊತ್ತು ತಂದರೆ ನಡೆಯಲ್ಲ. ಹಾಗಾಗಿ ಎಲ್ಲರಿಗೂ ಬೇಕಾದ ಕೋಡನ್ನ ಒಂದೇ ಫೈಲಿನಲ್ಲಿಟ್ಟು, ಬೇಕಾದವರು ಬೇಕಾದಾಗ ಕರೆದು ಬಳಸೋ ಏರ್ಪಾಡು ಮಾಡಿದರು. ಡೈನಮಿಕ್ ಲಿಂಕ್ ಲೈಬ್ರರಿ, ಡಿಎಲ್‌ಎಲ್ ಅಂದ್ರೆ ಅದೇ.

ನಮ್ಮೂರ ದೇವಸ್ಥಾನದಲ್ಲಿ ಕೊಪ್ಪರಿಗೆಗಳಿದ್ದ ಹಾಗೆ. ವರ್ಷಕ್ಕೊಮ್ಮೆ ಬೇಕಾಗೋ ಪಾತ್ರೆಯನ್ನ ಮನೆಮನೆಯಲ್ಲೂ ಯಾಕೆ ಇಟ್ಕೋಬೇಕು? ಮದುವೆಗೆ ಒಯ್ದು, ತೊಳೆದು ವಾಪಸ್ ಇಟ್ಟರೆ ಆಯ್ತು. ಆದರೆ ಒಬ್ಬ ಇನ್ನೂರು ಜನಕ್ಕಾಗೋ ಕೊಪ್ಪರಿಗೆ ಒಯ್ದು, ಅದೇ ಜಾಗದಲ್ಲಿ ಐವತ್ತು ಜನದ್ದನ್ನ ಇಟ್ಟು ಹೋದರೆ? ಮುಂದಿನ ಮದುವೆಯವರಿಗೆ ಗೊತ್ತಾಗೋದು ಒಲೆ ಹಚ್ಚಿದಾಗಲೇ.

ತೊಂಬತ್ತರ ದಶಕದಲ್ಲಿ ಆಗಿದ್ದು ಇದೇ. ಇನ್‌ಸ್ಟಾಲರ್‌ಗಳು ತಮಗೆ ಬೇಕಾದ ಡಿಎಲ್‌ಎಲ್ ತಂದು ವಿಂಡೋಸ್‌ನ ಸಿಸ್ಟಮ್ ಫೋಲ್ಡರಿಗೆ ಹಾಕ್ತಿದ್ದವು. ಅಲ್ಲಿರೋದು ಹೊಸದಾಗಿದ್ದರೆ ಮುಟ್ಟಬಾರದು ಅನ್ನೋದು ನಿಯಮ. ಎಷ್ಟೋ ಇನ್‌ಸ್ಟಾಲರ್‌ಗಳು ನೋಡ್ತಾನೇ ಇರಲಿಲ್ಲ. ನನ್ನ ಗೇಮ್ ಮಾಡಿದ್ದೂ ಅದನ್ನೇ. ಫೈಲಿನ ಹೆಸರು ಅದೇ, ಒಳಗಿದ್ದದ್ದು ಹಳೇ ಕೋಡು, ಕಾರ್ಡ್ ಸಾಫ್ಟ್‌ವೇರ್ ಕೇಳಿದ ಫಂಕ್ಷನ್ ಅದರಲ್ಲಿಲ್ಲ. ಗೇಮ್ ತೆಗೆದರೂ ಹೋದ ಫೈಲು ವಾಪಸ್ ಬರಲಿಲ್ಲ. ಇನ್ನೂ ತಮಾಷೆ ಅಂದ್ರೆ ಹೊಸ ಆವೃತ್ತಿ ಹಾಕಿದರೂ ಕೆಲವು ಪ್ರೋಗ್ರಾಮ್ ಕೆಡ್ತಿದ್ದವು, ಹಳೇದರ ದೋಷವನ್ನೇ ನಂಬಿಕೊಂಡು ಬರೆದಿದ್ದರಿಂದ. ಇದಕ್ಕೆ ಪ್ರೋಗ್ರಾಮರ್‌ಗಳು ಇಟ್ಟ ಹೆಸರು 'ಡಿಎಲ್‌ಎಲ್ ಹೆಲ್'.

ಮೈಕ್ರೋಸಾಫ್ಟ್ ಸುಮ್ಮನೆ ಕೂತಿರಲಿಲ್ಲ. ವಿಂಡೋಸ್ 95 ಮಾಡುವಾಗ, ಇಂಥ ಫೈಲುಗಳ ಮೇಲೆ ಬರೆಯೋಕೆ ಬಿಡದೆ ತಡೆದು ನೋಡಿದರು. ಕೆಲವು ಇನ್‌ಸ್ಟಾಲರ್ ಎರರ್ ಕೊಟ್ಟು ಅರ್ಧಕ್ಕೇ ನಿಂತವು. ಇನ್ನು ಕೆಲವು, ಮುಂದಿನ ಸಲ ಕಂಪ್ಯೂಟರ್ ಶುರುವಾಗೋವಾಗ ಫೈಲ್ ಬದಲಿಸೋ ಹಾಗೆ ಹಿಂಬಾಗಿಲಿಂದ ವ್ಯವಸ್ಥೆ ಮಾಡಿಕೊಂಡವು. ಕೊನೆಗೆ ಎಂಜಿನಿಯರ್‌ಗಳು ಕೈಚೆಲ್ಲಿ, 'ಸಿಸ್‌ಬ್ಯಾಕಪ್' ಅನ್ನೋ ಅಡಗಿಸಿಟ್ಟ ಫೋಲ್ಡರಿನಲ್ಲಿ ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಇಟ್ಟರು. ಇನ್‌ಸ್ಟಾಲರ್ ತನ್ನ ಕೆಲಸ ಮುಗಿಸಿ ಹೋದ ಮೇಲೆ ವಿಂಡೋಸ್ ಬಂದು ಹಳೇದನ್ನ ತೆಗೆದು ಹೊಸದನ್ನ ಇಡ್ತಿತ್ತು. ಗಲಾಟೆ ಮಾಡೋ ನೆಂಟರನ್ನ ಕಳಿಸಿ ಆಮೇಲೆ ಮನೆ ಗುಡಿಸಿದ ಹಾಗೆ! ಆದರೆ ಪಟ್ಟಿಯಲ್ಲಿದ್ದ ಫೈಲಿಗಷ್ಟೇ ಆ ಭಾಗ್ಯ.

2000ದಲ್ಲಿ ಬಂದ ವಿಂಡೋಸ್ 2000, ಸಿಸ್ಟಮ್ ಫೈಲುಗಳನ್ನ ಯಾರಾದರೂ ಬದಲಿಸಿದರೆ ತಕ್ಷಣ ಮೊದಲಿನದನ್ನೇ ತಂದಿಡೋ ಕಾವಲು ಹಾಕಿತು. ಆ ವರ್ಷ ಜನವರಿಯಲ್ಲೇ ಮೈಕ್ರೋಸಾಫ್ಟ್‌ನ ಒಂದು ಲೇಖನ ಡಿಎಲ್‌ಎಲ್ ಹೆಲ್ ಮುಗಿಯಿತು ಅಂತ ತಲೆಬರಹದಲ್ಲೇ ಸಾರಿತ್ತು. ಪಾಪ. 2001ರ ಎಕ್ಸ್‌ಪಿ ಒಂದೇ ಡಿಎಲ್‌ಎಲ್‌ನ ಹಲವು ಆವೃತ್ತಿಗಳನ್ನ ಪಕ್ಕಪಕ್ಕದಲ್ಲೇ ಇಡೋಕೆ 'ವಿನ್‌ಎಸ್‌ಎಕ್ಸ್‌ಎಸ್' ಫೋಲ್ಡರ್ ತಂತು. ಜಗಳ ಕಮ್ಮಿಯಾಯ್ತು, ಆದರೆ ಬೇಕಾದ ಆವೃತ್ತಿ ಅಲ್ಲಿಲ್ಲದಿದ್ದರೆ 'ಅಪ್ಲಿಕೇಶನ್ ಕಾನ್ಫಿಗರೇಶನ್ ಸರಿಯಿಲ್ಲ' ಅನ್ನೋ, ಯಾವ ಫೈಲು ಅಂತಲೂ ಹೇಳದ ಹೊಸ ಎರರ್ ಹುಟ್ಟಿತು. ಮೊದಲಿನದೇ ವಾಸಿ, ಬೈಯೋಕೆ ಒಂದು ಹೆಸರಾದರೂ ಇರ್ತಿತ್ತು.

ಈಗಿನವರು ಕೊಪ್ಪರಿಗೆ ಹಂಚಿಕೊಳ್ಳೋ ಗೋಜಿಗೇ ಹೋಗಲ್ಲ. ಆಫೀಸಲ್ಲಿ ನಾವು ಬಳಸೋ ಸ್ಲ್ಯಾಕ್, ವಿಎಸ್ ಕೋಡ್ ಎರಡೂ ಎಲೆಕ್ಟ್ರಾನ್ ಮೇಲೆ ನಿಂತಿರೋವು, ಅಂದ್ರೆ ಕ್ರೋಮಿಯಂ ಬ್ರೌಸರಿನ ಒಂದೊಂದು ಪ್ರತಿಯನ್ನ ತಾವೇ ಹೊತ್ತು ತರ್ತವೆ. 16 ಜಿಬಿ ಸಾಲ್ತಿಲ್ಲ ಅಂತ ಮ್ಯಾನೇಜರ್ ಹತ್ರ ಹಲ್ಲು ಗಿಂಜೋದು ಇದಕ್ಕೇ.

ಹೋದ ವರ್ಷ ಅದೇ ಅಂಗಡಿ ಅಣ್ಣ ಫೋನ್ ಮಾಡಿದ್ರು. "ಹೊಸ ಕಂಪ್ಯೂಟ್ರಿಗೆ ಪ್ರೋಗ್ರಾಮ್ ಹಾಕ್ದೆ ಕಣಪ್ಪ, ಅದ್ಯಾವ್ದೋ ವಿಸಿರನ್‌ಟೈಮ್140 ಡಿಎಲ್‌ಎಲ್ ಇಲ್ವಂತೆ. ಗೂಗಲ್‌ನಲ್ಲಿ ಆ ಫೈಲ್ ಒಂದನ್ನೇ ಕೊಡೋ ಸೈಟ್ ಸಿಕ್ಕಿದೆ, ಇಳಿಸ್ಲಾ?"

"ಬೇಡ ಅಣ್ಣ, ಅಂಥ ಸೈಟಿಂದ ಬರೋ ಫೈಲಲ್ಲಿ ಏನಿರುತ್ತೋ ಹೇಳೋಕಾಗಲ್ಲ" ಅಂದೆ. ಅದು ವಿಷುಯಲ್ ಸಿ ಪ್ಲಸ್ ಪ್ಲಸ್‌ನ ಡಿಎಲ್‌ಎಲ್, ಮೈಕ್ರೋಸಾಫ್ಟ್ ಸೈಟಿನಲ್ಲೇ ಅದರ ರೀಡಿಸ್ಟ್ರಿಬ್ಯೂಟಬಲ್ ಪುಕ್ಕಟೆ ಸಿಗುತ್ತೆ. ವಿಂಡೋಸ್ 64 ಬಿಟ್ ಇದ್ರೂ ಪ್ರೋಗ್ರಾಮ್ 32 ಬಿಟ್ ಆಗಿದ್ರೆ ಬೇಕಾಗೋದು ಎಕ್ಸ್86ನದು. ಎರಡನ್ನೂ ಹಾಕಿಸಿದೆ. ಹತ್ತು ನಿಮಿಷದ ಕೆಲಸ.

"ನಾನೇ ಏನೋ ಮುಟ್ಟಿ ಕೆಡ್ಸಿದ್ನೇನೋ ಅನ್ಕೊಂಡೆ" ಅಂದ್ರು.

"ಇಲ್ಲ ಅಣ್ಣ, ನೀವೇನೂ ಮಾಡಿಲ್ಲ" ಅಂದೆ. ಲಗ್ನಪತ್ರಿಕೆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.