ಸ್ತ್ರೀವಾದಿ, ಸಲಿಂಗಿ, ಲಿಂಗತ್ವ ಅಲ್ಪಸಂಖ್ಯಾತ ಚಳವಳಿಗಳು: ಒಡನಾಟ ಮತ್ತು ಒಡಕು

ಮಹಿಳೆಯರು, ಸಲಿಂಗಿಗಳು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ತಂತಮ್ಮ ಹಕ್ಕುಗಳಿಗಾಗಿ ಕಟ್ಟಿದ ಚಳವಳಿಗಳನ್ನು ಒಂದೇ ಬಳ್ಳಿಯ ಕವಲುಗಳೆಂದು ಭಾವಿಸುವುದು ವಾಡಿಕೆ. ಪುರುಷಪ್ರಧಾನ ಕುಟುಂಬ ವ್ಯವಸ್ಥೆಯನ್ನು ಪ್ರಶ್ನಿಸುವುದರಲ್ಲಿ ಮೂರೂ ಒಂದೇ. ಆದರೆ ಯಾರ ಬೇಡಿಕೆಗೆ ಆದ್ಯತೆ, ಯಾರ ಸುರಕ್ಷತೆಗೆ ಕಾನೂನು, ಯಾರ ಪರವಾಗಿ ಯಾರು ಮಾತನಾಡಬೇಕು ಎಂಬ ಪ್ರಶ್ನೆಗಳು ಎದುರಾದಾಗಲೆಲ್ಲ ಇವುಗಳ ನಡುವೆ ಬಿರುಕು ಕಾಣಿಸಿಕೊಂಡಿದೆ.

ಹಿನ್ನೆಲೆ

1994ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸಲಿಂಗಿ ಪುರುಷರ ಸಮ್ಮೇಳನ ನಿಗದಿಯಾಗಿತ್ತು. ಅದಕ್ಕೆ ಅವಕಾಶ ನೀಡಬಾರದೆಂದು ಪ್ರಧಾನಿಗೆ ಪತ್ರ ಬರೆದವರಲ್ಲಿ ಎಡಪಂಥೀಯ ಮಹಿಳಾ ಸಂಘಟನೆಯೊಂದರ ನಾಯಕಿಯೂ ಇದ್ದರು. ಸಲಿಂಗ ಪ್ರೇಮ ಪಾಶ್ಚಾತ್ಯ ವಿಲಾಸ, ಬಡ ಹೆಣ್ಣುಮಕ್ಕಳ ಸಮಸ್ಯೆಗಳ ಮುಂದೆ ಅದು ಗೌಣ ಎಂಬ ವಾದಕ್ಕೆ ಆಗ ಬೆಂಬಲವಿತ್ತು.

1998ರ ಕೊನೆಯಲ್ಲಿ ದೀಪಾ ಮೆಹ್ತಾ ನಿರ್ದೇಶನದ 'ಫೈರ್' ಚಿತ್ರ ಪ್ರದರ್ಶಿಸುತ್ತಿದ್ದ ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಮೇಲೆ ಶಿವಸೇನೆಯ ಕಾರ್ಯಕರ್ತರು ದಾಳಿ ನಡೆಸಿದರು. ಮಹಿಳಾ ಸಂಘಟನೆಗಳು ಬೀದಿಗಿಳಿದು ದಾಳಿಯನ್ನು ಖಂಡಿಸಿದವು. ಆದರೆ ಹೋರಾಟವನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯೆಂದಷ್ಟೇ ಮಂಡಿಸಬೇಕೋ, 'ಲೆಸ್ಬಿಯನ್' ಎಂಬ ಪದವನ್ನು ಫಲಕದ ಮೇಲೆ ಬರೆಯಬೇಕೋ ಎಂಬ ಬಗ್ಗೆ ಅವುಗಳಲ್ಲೇ ಒಮ್ಮತವಿರಲಿಲ್ಲ. ಈ ಕಸಿವಿಸಿಯ ನಡುವೆಯೇ ದೆಹಲಿಯಲ್ಲಿ ಲೆಸ್ಬಿಯನ್ ಹಕ್ಕುಗಳ ಪ್ರತ್ಯೇಕ ಅಭಿಯಾನ ಹುಟ್ಟಿತು. ದಾಳಿಯನ್ನು ಒಟ್ಟಾಗಿ ಎದುರಿಸಿದವರೂ ಒಂದು ಪದದ ಬಳಿ ಬಂದು ನಿಂತುಬಿಟ್ಟರು ಎಂಬುದು ಗಮನಾರ್ಹ.

ವಿದೇಶಗಳಲ್ಲೂ ಇಂಥ ಜಗಳಗಳಿಗೆ ಕೊರತೆಯಿಲ್ಲ. 1973ರಲ್ಲಿ ನ್ಯೂಯಾರ್ಕಿನ ಸಲಿಂಗಿಗಳ ಸಮಾವೇಶದಲ್ಲಿ ಮಾತನಾಡಲು ವೇದಿಕೆ ಏರಿದ ಸಿಲ್ವಿಯಾ ರಿವೇರಾ ಅವರನ್ನು ಸಭಿಕರು ಕೂಗಿ ಅಣಕಿಸಿದ್ದರು. 2025ರ ಏಪ್ರಿಲಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ ಸಮಾನತಾ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಜೈವಿಕ ಲಿಂಗವೇ ಎಂದು ತೀರ್ಪಿತ್ತಾಗ ಒಂದು ಬಣದ ಸ್ತ್ರೀವಾದಿಗಳು ಸಂಭ್ರಮಿಸಿದರೆ ಇನ್ನೊಂದು ಬಣ ಪ್ರತಿಭಟಿಸಿತು.

ಬೆಂಗಳೂರಿನ ಅನುಭವ

ಕರ್ನಾಟಕದಲ್ಲಿ ಒಡಕಿನ ಸ್ವರೂಪ ತುಸು ಬೇರೆ. ಇಲ್ಲಿ ಸಿದ್ಧಾಂತಕ್ಕಿಂತ ವರ್ಗ, ಜಾತಿ ಮತ್ತು ಭಾಷೆಯ ಅಂತರವೇ ಹೆಚ್ಚು ಕಾಡಿದೆ. ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯ ಕುರಿತು ವರದಿ ಪ್ರಕಟಿಸಿತು. ಎರಡೇ ವರ್ಷಗಳಲ್ಲಿ, 2003ರಲ್ಲಿ, ಲೈಂಗಿಕ ವೃತ್ತಿಯಲ್ಲಿರುವ ಹಿಜ್ರಾ ಮತ್ತು ಕೋತಿ ಸಮುದಾಯದವರ ಬಗ್ಗೆಯೇ ಪ್ರತ್ಯೇಕ ವರದಿ ಹೊರಬಂತು. ಇಂಗ್ಲಿಷ್ ಬಲ್ಲ, ಉದ್ಯೋಗಸ್ಥ ಸಲಿಂಗಿಯೊಬ್ಬ ತನ್ನ ಗುರುತನ್ನು ಮನೆಯೊಳಗೆ ಬಚ್ಚಿಟ್ಟುಕೊಳ್ಳಬಲ್ಲ. ಸಿಗ್ನಲ್ ಬಳಿ ಭಿಕ್ಷೆಗೆ ನಿಂತ ಹಿಜ್ರಾಗೆ ಆ ಸೌಲಭ್ಯವಿಲ್ಲ. 'ಸವಲತ್ತು' ಎಂಬ ಮಾತು ಇಲ್ಲಿ ಪೊಲೀಸ್ ಲಾಠಿಯ ಸಂದರ್ಭದಲ್ಲೇ ಅರ್ಥವಾಗುವಂಥದ್ದು.

2008ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ಐವರು ಹಿಜ್ರಾಗಳ ಬಂಧನವಾಯಿತು. ವಿಚಾರಿಸಲು ಠಾಣೆಗೆ ತೆರಳಿದ 'ಸಂಗಮ' ಸಂಸ್ಥೆಯವರು, ಅವರ ಬೆನ್ನಿಗೆ ಬಂದ ಮಾನವ ಹಕ್ಕು ಹೋರಾಟಗಾರರು ಹಾಗೂ ಮಹಿಳಾ ಕಾರ್ಯಕರ್ತೆಯರೂ ಬಂಧಿತರಾದರು. ಸೌಹಾರ್ದದ ಕುರುಹುಗಳು ಸಾಹಿತ್ಯದಲ್ಲೂ ಇವೆ. ಎ. ರೇವತಿ ಅವರ ಆತ್ಮಕಥೆಯನ್ನು 'ಬದುಕು ಬಯಲು' ಹೆಸರಿನಲ್ಲಿ ಕನ್ನಡಕ್ಕೆ ತಂದವರು ದಲಿತ ಹಾಗೂ ಮಹಿಳಾ ಚಳವಳಿಯ ಲೇಖಕಿ ದು. ಸರಸ್ವತಿ, ಅದು ರಂಗದ ಮೇಲೂ ಬಂತು.

ಅತ್ಯಾಚಾರ ಕಾನೂನು

ಎಲ್ಲಕ್ಕಿಂತ ಗಂಭೀರ ಭಿನ್ನಮತ ಮೂಡಿದ್ದು ಅತ್ಯಾಚಾರ ಕಾನೂನಿನ ವಿಷಯದಲ್ಲಿ. ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ನೀಡಿ, ಸಂತ್ರಸ್ತರು ಯಾವ ಲಿಂಗದವರಾದರೂ ಕಾನೂನಿನ ರಕ್ಷಣೆ ಸಿಗಬೇಕೆಂದಿತು. ಮುಂದಿನ ತಿಂಗಳು ಕೇಂದ್ರ ಹೊರಡಿಸಿದ ಸುಗ್ರೀವಾಜ್ಞೆ ಒಂದು ಹೆಜ್ಜೆ ಮುಂದೆ ಹೋಗಿ ಆರೋಪಿಯನ್ನೂ ಲಿಂಗಭೇದವಿಲ್ಲದೆ ವ್ಯಾಖ್ಯಾನಿಸಿತು. ಮಹಿಳಾ ಸಂಘಟನೆಗಳು ಇದನ್ನು ಬಲವಾಗಿ ವಿರೋಧಿಸಿದವು. ದೂರು ಕೊಟ್ಟ ಹೆಣ್ಣಿನ ಮೇಲೆಯೇ ಪ್ರತಿದೂರು ದಾಖಲಾಗುವ ಅಪಾಯವಿದೆ ಎಂಬುದು ಅವುಗಳ ವಾದ. ಅದು ಆಧಾರರಹಿತ ಭೀತಿಯೇನೂ ಆಗಿರಲಿಲ್ಲ.

ಸಂತ್ರಸ್ತರ ಮಟ್ಟಿಗೆ ಲಿಂಗಭೇದ ಬೇಡ, ಆರೋಪಿ ಮಾತ್ರ ಪುರುಷನೆಂದಿರಲಿ ಎಂಬ ಮಧ್ಯಮಾರ್ಗವನ್ನು ಹಲವು ಸ್ತ್ರೀವಾದಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ಒಪ್ಪಿದ್ದರು. ಸಂಸತ್ತು ಅದನ್ನು ಸ್ವೀಕರಿಸಲಿಲ್ಲ. 2013ರ ತಿದ್ದುಪಡಿ ಕಾಯ್ದೆಯಲ್ಲಿ ಸಂತ್ರಸ್ತೆ ಮಹಿಳೆ, ಆರೋಪಿ ಪುರುಷ ಎಂಬ ಹಳೆಯ ಚೌಕಟ್ಟೇ ಮರಳಿತು. ಮಹಿಳಾ ಸಂಘಟನೆಗಳ ಆತಂಕ ನಿವಾರಣೆಯಾಯಿತು. ಹಿಜ್ರಾಗಳ ಅಳಲು ಹಾಗೆಯೇ ಉಳಿಯಿತು.

2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸುವ ಹಕ್ಕನ್ನು ಮಾನ್ಯ ಮಾಡಿದರೂ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 6 ತಿಂಗಳಿಂದ 2 ವರ್ಷಗಳವರೆಗಿನ ಶಿಕ್ಷೆಯನ್ನಷ್ಟೇ ಗೊತ್ತುಪಡಿಸಿತು. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಆ ವೇಳೆಗೆ ಕನಿಷ್ಠ ಶಿಕ್ಷೆ 10 ವರ್ಷ. ದೇಹಕ್ಕೆ ದೇಹ ಸಮನಲ್ಲವೇ ಎಂಬ ಪ್ರಶ್ನೆಯನ್ನು ಸಮುದಾಯ ಎತ್ತಿದ್ದು ಸಹಜವೇ ಆಗಿತ್ತು.

ವಿವಾಹವೋ, ಉದ್ಯೋಗವೋ

ಸಲಿಂಗ ಸಂಬಂಧವನ್ನು ಅಪರಾಧವಲ್ಲವೆಂದ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ವಿವಾಹದ ಹಕ್ಕು ಮುನ್ನೆಲೆಗೆ ಬಂತು. ಮದುವೆ ಎಂಬ ವ್ಯವಸ್ಥೆಯನ್ನೇ ಟೀಕಿಸುತ್ತ ಬಂದ ಸ್ತ್ರೀವಾದಿಗಳಿಗೆ ಇದು ಮುಜುಗರದ ಬೇಡಿಕೆ. ಹೊಟ್ಟೆಪಾಡಿಗೆ ದಾರಿ ಕಾಣದವರಿಗೆ ದೂರದ ಮಾತು. ಹಾಗೆಂದು ಗೆರೆ ಎಳೆದಂತೆ ಬಣಗಳಿರಲಿಲ್ಲ. ಸುಪ್ರೀಂ ಕೋರ್ಟಿನ ಮೊರೆ ಹೋದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಅವರೂ ಇದ್ದರು. ಹೆತ್ತವರ ಮನೆಯಲ್ಲೇ ಎದುರಾಗುವ ಹಿಂಸೆಯನ್ನು ಮುಂದಿಟ್ಟು, ತಾವೇ ಆಯ್ದುಕೊಂಡ ಕುಟುಂಬಕ್ಕೆ ಮನ್ನಣೆ ಕೋರಿದ ಕ್ವೀರ್ ಸ್ತ್ರೀವಾದಿಗಳ ಅರ್ಜಿಯೂ ಇತ್ತು. 2023ರ ಅಕ್ಟೋಬರ್ 17ರಂದು ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿತು. ಆದರೆ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಭಿನ್ನಲಿಂಗೀಯ ಸಂಬಂಧದಲ್ಲಿದ್ದರೆ ಇರುವ ಕಾನೂನುಗಳಡಿಯಲ್ಲೇ ಮದುವೆಯಾಗಬಹುದೆಂದಿತು. ಒಟ್ಟಿಗೆ ಕಟಕಟೆ ಹತ್ತಿದವರು ಬೇರೆ ಬೇರೆ ಫಲದೊಂದಿಗೆ ಇಳಿದರು.

ರಾಜ್ಯದಲ್ಲಿ ಉದ್ಯೋಗದ ಹಾದಿ ಕೊಂಚ ಮೊದಲೇ ತೆರೆದಿತ್ತು. 'ಸಂಗಮ' ಹೈಕೋರ್ಟಿನಲ್ಲಿ ಹೂಡಿದ ಪ್ರಕರಣದ ಫಲವಾಗಿ, 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಸಮತಲ ಮೀಸಲಾತಿ ಜಾರಿಗೊಂಡಿತು. ಸಮತಲವೆಂದರೆ ಪ್ರತಿ ಜಾತಿ ವರ್ಗದೊಳಗೂ ಪ್ರತ್ಯೇಕ ಪಾಲು. ದಲಿತ ಟ್ರಾನ್ಸ್ ಮಹಿಳೆ ತನ್ನ ಜಾತಿಯ ಮೀಸಲಾತಿಯನ್ನು ಬಿಟ್ಟುಕೊಡಬೇಕಿಲ್ಲ. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಬಸ್ ಪ್ರಯಾಣದಲ್ಲೂ ಮಹಿಳೆಯರ ಜತೆಗೆ ಲಿಂಗತ್ವ ಅಲ್ಪಸಂಖ್ಯಾತರನ್ನು ಸೇರಿಸಲಾಯಿತು.

ಅತ್ಯಾಚಾರ ಕಾನೂನಿನ ಪ್ರಶ್ನೆ ಮಾತ್ರ ಇನ್ನಷ್ಟು ಜಟಿಲವಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೇ ಸೆಕ್ಷನ್‌ಗೆ ಸಮಾನವಾದ ಕಲಮೇ ಇರಲಿಲ್ಲ. ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು 2018ರಲ್ಲೇ ತೀರ್ಮಾನವಾಗಿದ್ದರೂ, ಸಮ್ಮತಿಯಿಲ್ಲದ ಕೃತ್ಯಗಳ ವಿರುದ್ಧ ಪುರುಷರು ಹಾಗೂ ಹಿಜ್ರಾಗಳು ದೂರು ನೀಡಲು ಉಳಿದಿದ್ದ ಕಠಿಣ ಕಲಮು ಅದೊಂದೇ. ದಶಕಗಳ ಕಾಲ ತಮ್ಮನ್ನು ಬೇಟೆಯಾಡಲು ಬಳಕೆಯಾದ ಸೆಕ್ಷನ್ನಿನ ಕೊರತೆಯನ್ನೇ ತುಂಬಿಕೊಡಿ ಎಂದು ಕೇಳಬೇಕಾದ ವಿಚಿತ್ರ ಸ್ಥಿತಿ ಒದಗಿತು. ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಈ ಕುರಿತ ಮನವಿಯನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅಕ್ಟೋಬರಿನಲ್ಲಿ ಇಂಥದೇ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಹೊಸ ಅಪರಾಧವನ್ನು ಸೃಷ್ಟಿಸುವುದು ಸಂಸತ್ತಿನ ಕೆಲಸವೆಂದು ಪೀಠ ಅದನ್ನು ಪುರಸ್ಕರಿಸಲಿಲ್ಲ.