ಆಘಾತ ತರಂಗವೂ ಅಂಕಗಣನೆಯೂ

ಶಬ್ದದ ವೇಗವನ್ನು ಮೀರಿ ಧಾವಿಸುವ ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಇಂದು ಗಣಕದ ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುವ ತರುಣರು, ಇದೆಲ್ಲ ಯಂತ್ರಗಳ ವೇಗ ಹೆಚ್ಚಿದುದರಿಂದ ತಾನಾಗಿ ಒದಗಿದ ಫಲವೆಂದು ಭಾವಿಸುತ್ತಾರೆ. ಈ ಶಾಸ್ತ್ರದ ಸಹವಾಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಆ ಮಾತು ಸಮ್ಮತವಾಗದು. ಅಂಥ ವಿಮಾನದ ಮುಂದೆ ಏಳುವ ಆಘಾತ ತರಂಗದ ದಪ್ಪ ಅಣುಗಳ ಕೆಲವೇ ಮುಕ್ತಪಥಗಳಷ್ಟು, ಎಂದರೆ ಒಂದು ಅಣು ಇನ್ನೊಂದಕ್ಕೆ ತಾಗದೆ ಸಾಗುವ ದೂರದ ಕೆಲವೇ ಪಟ್ಟು. ನಾವು ಆಕಾಶವನ್ನು ವಿಭಾಗಿಸಿಕೊಳ್ಳುವ ಕೋಶವಾದರೋ ಅದರ ಸಾವಿರಾರು ಪಾಲು ದೊಡ್ಡದು. ಆ ಕೋಶದೊಳಗೆ ಒತ್ತಡ, ಸಾಂದ್ರತೆಗಳು ಒಮ್ಮೆಗೇ ನೆಗೆಯುವಾಗ ಅವಕಲ ಸಮೀಕರಣಕ್ಕೆ ಅರ್ಥವೇ ಉಳಿಯುವುದಿಲ್ಲ. ಈ ತೊಡಕನ್ನು ಬಿಡಿಸಿದುದು ಕಾಗದದ ಮೇಲೆ ನಡೆದ ಚಿಂತನೆ.

ಆಯ್ಲರನ 1757ರ ಸಮೀಕರಣಗಳಿಂದ ತೊಡಗಿ, ಹವಾಮಾನವನ್ನು ಕೈಲೆಕ್ಕದಿಂದ ಮುನ್ನುಡಿಯಹೊರಟ ರಿಚರ್ಡ್‌ಸನ್ನನ 1922ರ ಗ್ರಂಥವನ್ನೂ, ಕಾಲದ ಹೆಜ್ಜೆಗೆ ಮಿತಿಯನ್ನು ವಿಧಿಸಿದ ಕೂರಾಂಟ್, ಫ್ರೀಡ್ರಿಕ್ಸ್, ಲ್ಯೂಯಿಯರ 1928ರ ಪ್ರಬಂಧವನ್ನೂ ಹಾಯ್ದು, 1950ಕ್ಕೆ ಬರಬಹುದು. ಆ ವರ್ಷ ಫಾನ್ ನಾಯ್‌ಮನ್ ಮತ್ತು ರಿಕ್ಟ್‌ಮೈಯರ್ ಕೃತಕ ಸ್ನಿಗ್ಧತೆಯನ್ನು ಬೆರೆಸಿ, ಆಘಾತವನ್ನು ಮೂರು ನಾಲ್ಕು ಕೋಶಗಳ ಮೇಲೆ ಹರಡುವ ಉಪಾಯವನ್ನು ಪ್ರಕಟಿಸಿದರು. ಲ್ಯಾಕ್ಸ್ ಮತ್ತು ವೆಂಡ್ರಾಫ್ 1960ರಲ್ಲಿ ನಿಖರತೆಯನ್ನು ಒಂದು ಮೆಟ್ಟಿಲು ಏರಿಸಿದರಾದರೂ, ಆಘಾತದ ಬಳಿ ಹುಸಿ ಅಲೆಗಳು ಏಳತೊಡಗಿದವು.

ಅವು ಏಕೆ ಏಳುತ್ತವೆಂಬುದಕ್ಕೆ ಉತ್ತರ ಅದಕ್ಕೆ ಹಿಂದಿನ ವರ್ಷವೇ ರಷ್ಯನ್ ಭಾಷೆಯಲ್ಲಿ ಅಚ್ಚಾಗಿತ್ತು. ಹುಸಿ ಅಲೆಗಳನ್ನು ಹುಟ್ಟಿಸದ ಯಾವ ರೇಖೀಯ ಸೂತ್ರವೂ ಪ್ರಥಮ ದರ್ಜೆಯ ನಿಖರತೆಯನ್ನು ಮೀರಲಾರದೆಂದು ಗೊಡುನೊವ್ 1959ರಲ್ಲಿ ಸಾಧಿಸಿದನು; ಎರಡು ಕೋಶಗಳು ಸಂಧಿಸುವ ಗಡಿಯನ್ನು ಪುಟ್ಟದೊಂದು ಆಘಾತನಳಿಗೆಯೆಂದು ಬಗೆದು ಲೆಕ್ಕಹಾಕುವ ಅವನ ವಿಧಾನವೂ ಅದೇ ಪ್ರಬಂಧದಲ್ಲಿತ್ತು. ಪ್ರವಾಹದ ಏರುಪೇರಿಗೆ ತಕ್ಕಂತೆ ಸೂತ್ರವೇ ಬದಲಾಗುವಂತೆ ಮಾಡಿ, ಆ ನಿರ್ಬಂಧದಿಂದ ಪಾರಾಗುವ ದಾರಿಯನ್ನು ಫಾನ್ ಲೀರ್ 1979ರ ವೇಳೆಗೆ ಪೂರ್ಣಗೊಳಿಸಿದನು. ಗೊಡುನೊವನ ಗಡಿಲೆಕ್ಕವನ್ನು ಸರಳಗೊಳಿಸಿದ 1981ರ ರೋ ವಿಧಾನ ಇಂದಿಗೂ ಬಹುಜನಮಾನ್ಯ. ಆದರೆ ಮೊಂಡುಮೂತಿಯ ಕಾಯದ ಮುಂದೆ ಅದು ಕೆಲವೊಮ್ಮೆ ಇಲ್ಲದ ಗಂಟನ್ನು ಆಘಾತದಲ್ಲಿ ಮೂಡಿಸುತ್ತದೆಂಬುದನ್ನೂ, ತಿದ್ದುಪಡಿಯಿಲ್ಲದೆ ಬಳಸಿದರೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮಕ್ಕೆ ವಿರುದ್ಧವಾದ ಆಘಾತವನ್ನು ಒಪ್ಪಿಕೊಳ್ಳುತ್ತದೆಂಬುದನ್ನೂ ಅದರ ಭಕ್ತರು ಸಾಕಷ್ಟು ಒತ್ತಿ ಹೇಳುವುದಿಲ್ಲ.

ಬೆಂಗಳೂರಿನ ಪಂಥ ಹಿಡಿದುದು ಬೇರೆಯೇ ದಾರಿ. ಅನಿಲವೆಂದರೆ ಅಣುಗಳ ಸಮೂಹ. ಮ್ಯಾಕ್ಸ್‌ವೆಲ್ಲನ ಹಂಚಿಕೆಯಂತೆ ಚಲಿಸುವ ಅಣುಗಳ ದ್ರವ್ಯರಾಶಿ, ಸಂವೇಗ, ಶಕ್ತಿಗಳನ್ನು ಎಲ್ಲ ವೇಗಗಳ ಮೇಲೂ ಕೂಡಿಸಿದರೆ ಬೋಲ್ಟ್ಸ್‌ಮನ್ನನ ಸಮೀಕರಣದಿಂದಲೇ ಆಯ್ಲರನ ಸಮೀಕರಣಗಳು ಹೊರಡುತ್ತವೆ. ಹಾಗಿದ್ದಮೇಲೆ, ಕೋಶದ ಗಡಿಯನ್ನು ಎಡದಿಂದ ದಾಟುವ ಅಣುಗಳಿಗೆ ಎಡಗಡೆಯ ಸ್ಥಿತಿಯನ್ನೂ ಬಲದಿಂದ ದಾಟುವವುಗಳಿಗೆ ಬಲಗಡೆಯ ಸ್ಥಿತಿಯನ್ನೂ ಕೊಟ್ಟು ಕೂಡಿಸಿಬಿಟ್ಟರೆ, ಗಾಳಿ ಬಂದ ದಿಕ್ಕನ್ನು ಅರಸುವ ಕಷ್ಟವೇ ತಪ್ಪುತ್ತದೆ! 1980ರಲ್ಲಿ ಪುಲಿನ್ ಈ ಜಾಡಿನಲ್ಲಿ ನಡೆದಿದ್ದನೆಂಬುದು ನಿಜ. ಆದರೆ ಅದನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಎಂ. ದೇಶಪಾಂಡೆಯವರು. ಅವರ 1986ರ ನಾಸಾ ಪ್ರಬಂಧವೂ, ಮಂಡಲ್ ಅವರೊಡನೆ 1994ರಲ್ಲಿ ಪ್ರಕಟಿಸಿದ ಪ್ರಬಂಧವೂ ಈ ಪಂಥದ ಆಧಾರಸ್ತಂಭಗಳು. ಅದೇ 1986ರಲ್ಲಿ ನಗರದ ಇನ್ನೊಂದು ಬದಿಯಲ್ಲಿ ಎನ್.ಎ.ಎಲ್. ಎಂಬ ವೈಮಾನಿಕ ಪ್ರಯೋಗಾಲಯದವರು ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ತಾವೇ ಕಟ್ಟಿ ನಿಲ್ಲಿಸಿದರು. ನಮ್ಮ ಪೀಳಿಗೆಗೆ ಯಂತ್ರ ದುರ್ಲಭವಾಗಿತ್ತು. ಒಂದು ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ಅದರ ಉತ್ತರ ಹೇಗಿರಬೇಕೆಂದು ವಾರಗಟ್ಟಲೆ ಚರ್ಚಿಸುತ್ತಿದ್ದೆವು. ಆ ಚರ್ಚೆಗಳಲ್ಲಿ ಕಲಿತಷ್ಟನ್ನು ನಾನು ಬೇರೆಲ್ಲಿಯೂ ಕಲಿಯಲಿಲ್ಲ.

ಘೋಷ್ ಮತ್ತು ದೇಶಪಾಂಡೆಯವರು 1995ರಲ್ಲಿ ಇನ್ನೂ ಮುಂದೆ ಹೋಗಿ ಕೋಶಗಳ ಜಾಲವನ್ನೇ ಕೈಬಿಟ್ಟರು. ವಿಮಾನದ ಸುತ್ತ ಚೆಲ್ಲಿದ ಬಿಂದುಗಳೂ, ಪ್ರತಿಯೊಂದು ಬಿಂದುವಿಗೆ ಕೆಲವು ನೆರೆಯ ಬಿಂದುಗಳೂ ಇದ್ದರೆ ಸಾಕು, ಕನಿಷ್ಠ ವರ್ಗಗಳ ವಿಧಾನದಿಂದ ಉಳಿದುದು ದೊರೆಯುತ್ತದೆ. ರೆಕ್ಕೆ, ಬಾಲ, ಕ್ಷಿಪಣಿಗಳೆಲ್ಲ ಕೂಡಿದ ಜಟಿಲ ಆಕೃತಿಗೆ ಜಾಲ ಹೆಣೆಯಲು ತಿಂಗಳುಗಳನ್ನು ಕಳೆದವರಿಗೆ ಇದರ ಬೆಲೆ ತಿಳಿದೀತು. ಪರದೇಶದ ಸಮೀಕ್ಷೆಗಳಲ್ಲಿ ಇದಕ್ಕೆ ಸಲ್ಲುವ ಸ್ಥಳ ಮಾತ್ರ ಅತ್ಯಲ್ಪ.

ಉಳಿದಿರುವ ಕೊರತೆಗಳನ್ನು ಮುಚ್ಚಿಡಲಾರೆ. ಅಣುಗಳ ಲೆಕ್ಕದ ಈ ಸರಳ ವಿಧಾನ ಒತ್ತಡ ಸಮವಾಗಿದ್ದರೂ ಸಾಂದ್ರತೆ ನೆಗೆಯುವ ಸ್ಪರ್ಶ ಮೇಲ್ಮೈಗಳನ್ನು ಅತಿಯಾಗಿ ಮಸುಕುಗೊಳಿಸುತ್ತದೆ. ಗೋಡೆಗೆ ಅಂಟಿದ ತೆಳುಪದರದಲ್ಲಿ ಬಿಂದುಗಳು ಒಂದು ದಿಕ್ಕಿಗೆ ಒತ್ತಾಗಿ ಇನ್ನೊಂದು ದಿಕ್ಕಿಗೆ ವಿರಳವಾದಾಗ ಕನಿಷ್ಠ ವರ್ಗಗಳ ಗಣಿತ ಅಸ್ಥಿರವಾಗುತ್ತದೆ. ಜಾಲವಿಲ್ಲದ ಗಣನೆಯಲ್ಲಿ ದ್ರವ್ಯರಾಶಿ ಪೈಸೆಪೈಸೆಗೂ ಉಳಿಯುತ್ತದೆಂಬ ಖಾತರಿಯಿಲ್ಲ. ಈ ಮೂರನ್ನೂ ಎತ್ತಿಕೊಳ್ಳಲು ಹೊಸ ಯಂತ್ರ ಬೇಕಾಗಿಲ್ಲ. ಕಪ್ಪು ಹಲಗೆಯ ಮುಂದೆ ಕುಳಿತುಕೊಳ್ಳಬಲ್ಲ ನಾಲ್ಕು ವಿದ್ಯಾರ್ಥಿಗಳು ಬೇಕು.