ದೇವನದೊಡ್ಡಿಯಿಂದ ಬೆಂಗಳೂರು ಉತ್ತರದವರೆಗೆ: ಒಂದು ಸಣ್ಣ ಪಟ್ಟಣದ ಹೆಸರು ಮತ್ತು ಆಡಳಿತ ಪದಗಳ ಚರಿತ್ರೆ

1. ಪ್ರವೇಶ

ಒಂದು ಊರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನ, ಕೈಫಿಯತ್ತು, ಗೆಜೆಟಿಯರುಗಳನ್ನು ಆಕರವಾಗಿ ಹಿಡಿಯುತ್ತಾರೆ. ಊರಿನ ಹೆಸರನ್ನು ಆರಂಭದಲ್ಲಿ ಒಂದು ವಾಕ್ಯದಲ್ಲಿ ವಿವರಿಸಿ ಮುಂದೆ ಸಾಗುತ್ತಾರೆ. ಆಡಳಿತ ಪದಗಳನ್ನು ವಿವರಿಸುವುದೇ ಇಲ್ಲ. ಆದರೆ ಊರಹೆಸರು ಮತ್ತು ಆಡಳಿತ ಪದಗಳು ಒಂದೇ ಬಗೆಯಾಗಿ ಬಾಳುವುದಿಲ್ಲ. ಆಳ್ವಿಕೆ ಬದಲಾದಂತೆ ಕಚೇರಿಯ ಪದಗಳು ಬದಲಾಗುತ್ತವೆ. ಊರಿನ ಹೆಸರು ಬಹುಮಟ್ಟಿಗೆ ಆಡುವವರ ನಾಲಗೆಯಲ್ಲಿ ಉಳಿಯುತ್ತದೆ. ಈ ವ್ಯತ್ಯಾಸವನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯ ಉದಾಹರಣೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಿಲ್ಲೆಯ ಹೆಸರೇ ಬದಲಾಗುತ್ತಿರುವ ಈ ಹೊತ್ತಿನಲ್ಲಿ ಈ ಪರಿಶೀಲನೆಗೆ ಹೆಚ್ಚಿನ ಪ್ರಸ್ತುತತೆಯಿದೆ.

2. ನೆಲ ಮತ್ತು ನೀರು

ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕೆ, ನಂದಿಬೆಟ್ಟದ ದಕ್ಷಿಣಕ್ಕೆ, ಮೈಸೂರು ಪ್ರಸ್ಥಭೂಮಿಯ ಮೈದಾನದಲ್ಲಿದೆ. ನಂದಿಯ ಸುತ್ತಲಿನ ಬೆಟ್ಟಸಾಲು ಜಲವಿಭಾಜಕವಾದುದು. ಅರ್ಕಾವತಿ ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗೂ, ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಕಡೆಗೂ ಹರಿಯುತ್ತವೆ. ಎರಡೂ ನದಿಗಳು ಇಲ್ಲಿ ಇನ್ನೂ ಎಳೆಯವು, ವರ್ಷವಿಡೀ ಹರಿಯುವಂಥವಲ್ಲ. ಆದ್ದರಿಂದ ಈ ಭಾಗದ ಬೇಸಾಯ ಕೆರೆಗಳನ್ನು ನಂಬಿ ನಡೆದುದು.

ಕೆರೆಯ ಈ ಪ್ರಾಧಾನ್ಯ ಊರಹೆಸರುಗಳಲ್ಲಿ ದಾಖಲಾಗಿದೆ. ಸುತ್ತಲೂ ಕೇಳಿಬರುವ ‘-ಸಂದ್ರ’ ಎಂಬ ಉತ್ತರಪದ ‘ಸಮುದ್ರ’ದ ತದ್ಭವ. ನಡುವಣ ಉಕಾರ ಲೋಪಗೊಂಡು, ಮಕಾರವು ಮುಂದಿನ ದಕಾರದ ಸ್ಥಾನಕ್ಕೆ ಸಮರೂಪಗೊಂಡು, ಸಮುದ್ರ > ಸಂದ್ರ ಎಂದಾಗಿದೆ. ಕಡಲಿಲ್ಲದ ನಾಡಿನಲ್ಲಿ ಕೆರೆಯನ್ನು ಸಮುದ್ರವೆಂದು ಕರೆದುದು ಕಟ್ಟಿಸಿದವರ ಹೆಮ್ಮೆ. ಅದನ್ನು ಸಂದ್ರ ಮಾಡಿದುದು ಬಳಸಿದವರ ಬಾಯಿ. ಇಂದು ಜಿಲ್ಲಾಡಳಿತ ಭವನವಿರುವ, ದೇವನಹಳ್ಳಿ ತಾಲೂಕಿನ ಬೀರಸಂದ್ರವೂ ಇದೇ ವರ್ಗದ ಹೆಸರು.

3. ‘ದೇವನ’ ಎಂಬ ಷಷ್ಠಿ

ಕಂಚಿಯ ಕಡೆಯಿಂದ ವಲಸೆ ಬಂದ ರಣಭೈರೇಗೌಡನ ಮನೆತನದವರು ಇಲ್ಲಿಗೆ ಸಮೀಪದ ಆವತಿಯಲ್ಲಿ ನೆಲೆಸಿ ಆವತಿ ನಾಡಪ್ರಭುಗಳೆನಿಸಿದರೆಂಬುದು ಪರಂಪರೆ. ಯಲಹಂಕ ನಾಡಪ್ರಭುಗಳ ವಂಶವೂ ಇದೇ ವಲಸೆಯ ಕಥನಕ್ಕೆ ಸೇರಿದೆ. ಈ ಮನೆತನದ ಮಲ್ಲಭೈರೇಗೌಡನು 1501ರಲ್ಲಿ ದೇವನದೊಡ್ಡಿಯ ಒಡೆಯನಾಗಿದ್ದ ದೇವರಾಯನ ಒಪ್ಪಿಗೆ ಪಡೆದು ಅಲ್ಲಿ ಕೋಟೆ ಕಟ್ಟಿಸಿದನೆಂದು ಬಿ. ಎಲ್. ರೈಸ್ ಅವರ ಗೆಜೆಟಿಯರು ಹೇಳುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ದೊಡ್ಡಿ ಹಳ್ಳಿಯಾದುದು. ‘ದೊಡ್ಡಿ’ ದನಗಳನ್ನು ಕೂಡುವ ಆವರಣ, ‘ಹಳ್ಳಿ’ ಜನವಸತಿ. ಉತ್ತರಪದದ ಈ ಬದಲಾವಣೆ ಪಶುಪಾಲನೆಯ ತಾಣವೊಂದು ಬೇಸಾಯದ, ಅನಂತರ ಕೋಟೆಪೇಟೆಗಳ ನೆಲೆಯಾದುದನ್ನು ಸೂಚಿಸುತ್ತದೆ. ಪಳ್ಳಿ > ಹಳ್ಳಿ ಎಂಬ ಪಕಾರ–ಹಕಾರ ಪಲ್ಲಟ ನಡುಗನ್ನಡದಲ್ಲಿಯೇ ನೆಲೆಗೊಂಡಿದ್ದುದರಿಂದ ಈ ಊರಿಗೆ ‘ಪಳ್ಳಿ’ ರೂಪವನ್ನು ಊಹಿಸಬೇಕಾದ ಅಗತ್ಯವಿಲ್ಲ.

ಎರಡನೆಯದು, ಪೂರ್ವಪದದ ವ್ಯಾಕರಣ. ಊರನ್ನು ‘ದೇವರ ಹಳ್ಳಿ’ ಎಂದು ಅರ್ಥೈಸುವುದು ರೂಢಿಯಲ್ಲಿದೆ. ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ದೇವಾಲಯ ಆ ಅರ್ಥಕ್ಕೆ ಇಂಬು ಕೊಡುತ್ತದೆ. ಆದರೆ ದೈವವಾಚಿಯಾದ ಆಡುಮಾತಿನ ‘ದೇವರು’ ಗೌರವ ಬಹುವಚನ. ಅದರ ಷಷ್ಠಿ ‘ದೇವರ’. ‘ದೇವನ’ ಎಂಬುದು ಏಕವಚನದ ಪುಲ್ಲಿಂಗ ಷಷ್ಠಿ, ವ್ಯಕ್ತಿನಾಮಕ್ಕೆ ಸಹಜವಾದ ರೂಪ. ಇನ್ನು ‘ದೇವರಾಯ’ ಎಂಬ ಪೂರ್ಣನಾಮವೇ ಮೂಲವಾಗಿದ್ದರೆ, ತುಮಕೂರು ಜಿಲ್ಲೆಯ ದೇವರಾಯನದುರ್ಗದಂತೆ, ‘ದೇವರಾಯನದೊಡ್ಡಿ’ ಎಂಬ ರೂಪವನ್ನು ನಿರೀಕ್ಷಿಸಬೇಕು. ಆದ್ದರಿಂದ ಊರಹೆಸರಿನಲ್ಲಿರುವುದು ‘ದೇವ’ ಎಂಬ ಹ್ರಸ್ವನಾಮ ಎನ್ನುವುದು ಹೆಚ್ಚು ಸಂಭಾವ್ಯ. ‘ರಾಯ’ ಎಂಬ ಗೌರವಪದ ಕಥನದಲ್ಲಿ ಅನಂತರ ಸೇರಿರಬಹುದು. ದೈವವಾಚಿಯಾದ ಏಕವಚನ ‘ದೇವ’ ಕಾವ್ಯ, ವಚನಗಳಲ್ಲಿ ಇರುವುದರಿಂದ ಇದನ್ನು ನಿರ್ಣಾಯಕ ಪುರಾವೆಯೆನ್ನಲಾಗದು; ಆದರೂ ದೊಡ್ಡಿಯೊಂದಕ್ಕೆ ಅದರ ಯಜಮಾನನ ಹೆಸರು ಅಂಟುವುದೇ ಈ ಸೀಮೆಯ ವಾಡಿಕೆಗೆ ಹತ್ತಿರವಾದುದು. ಸುತ್ತಲಿನ ಗ್ರಾಮ್ಯ ನುಡಿಯಲ್ಲಿ ಏಕಾರವು ‘ಯಾ’ ಆಗಿ, ಹಕಾರ ಲೋಪಗೊಂಡು, ಊರು ‘ದ್ಯಾವ್ನಳ್ಳಿ’ಯಾಗುತ್ತದೆ. ಬರೆಹ ದಾಖಲಿಸದ ಈ ರೂಪವೇ ಆಡುವವರಿಗೆ ಊರಿನ ನಿಜವಾದ ಹೆಸರು.

4. ನಿಲ್ಲದ ಹೆಸರು, ನಿಂತ ಹೆಸರು

1749ರಲ್ಲಿ ನಂಜರಾಜಯ್ಯನ ನೇತೃತ್ವದ ಮೈಸೂರು ಸೈನ್ಯ ದೇವನಹಳ್ಳಿಯನ್ನು ಮುತ್ತಿ ಗೆದ್ದಿತು. ಹೈದರಲಿ ಮೊದಲು ಹೆಸರು ಮಾಡಿದುದು ಈ ಮುತ್ತಿಗೆಯಲ್ಲಿ. ಟಿಪ್ಪು ಸುಲ್ತಾನ ಜನಿಸಿದುದೂ ಈ ಊರಿನಲ್ಲಿ. ಮಣ್ಣಿನ ಕೋಟೆಯ ಜಾಗದಲ್ಲಿ ಇಂದು ಕಾಣುವ ಕಲ್ಲುಕೋಟೆ ಹೈದರನ ಕಾಲದ್ದು. ಟಿಪ್ಪು ತನ್ನ ಆಳ್ವಿಕೆಯಲ್ಲಿ ಊರಿಗೆ ‘ಯೂಸುಫಾಬಾದ್’ ಎಂದು ಹೆಸರಿಟ್ಟನು. 1791ರಲ್ಲಿ ಕಾರ್ನ್‌ವಾಲಿಸನ ಕಾಲದ ಇಂಗ್ಲಿಷ್ ಸೈನ್ಯ ಕೋಟೆಯನ್ನು ಹಿಡಿಯಿತು; 1799ರ ಅನಂತರ ಊರು ಒಡೆಯರ ಮೈಸೂರಿಗೆ ಸೇರಿತು. ‘ಯೂಸುಫಾಬಾದ್’ ಎಂಬ ಹೆಸರು ಬಳಕೆಯಿಂದ ಸಂಪೂರ್ಣವಾಗಿ ಮರೆಯಾಯಿತು.

‘ಆಬಾದ್’ ಎಂದರೆ ಪಾರಸಿಯಲ್ಲಿ ಜನವಸತಿಯುಳ್ಳದ್ದು, ಸಮೃದ್ಧವಾದುದು. ಅದೇ ಕಾಲದ ಇತರ ‘-ಆಬಾದ್’ ಹೆಸರುಗಳೊಡನೆ ಇದನ್ನು ಹೋಲಿಸಬೇಕು. ಮೈಸೂರಿನ ಬಳಿ ಕಟ್ಟಿಸತೊಡಗಿದ ಹೊಸ ಕೋಟೆಯ ‘ನಜರಬಾದ್’ ಇಂದಿಗೂ ಬಡಾವಣೆಯ ಹೆಸರಾಗಿ ಉಳಿದಿದೆ. ಸಕಲೇಶಪುರದ ಬಳಿ ‘ಮಂಜರಾಬಾದ್’ ಕೋಟೆಯ ಹೆಸರಾಗಿ ಉಳಿದಿದೆ. ಇವೆರಡೂ ಹೊಸ ನಿರ್ಮಾಣಗಳಿಗೆ ಇಟ್ಟ ಹೆಸರುಗಳು. ಅವು ಯಾವ ಹಳೆಯ ಊರಹೆಸರನ್ನೂ ಸ್ಥಳಾಂತರಿಸಬೇಕಾಗಿರಲಿಲ್ಲ. ಯೂಸುಫಾಬಾದ್ ಮೂರು ಶತಮಾನಗಳಷ್ಟು ಹಳೆಯ ಹೆಸರಿನೊಡನೆ ಸ್ಪರ್ಧಿಸಬೇಕಿತ್ತು.

ಅಳಿವಿಗೆ ಹೆಸರಿನ ಭಾಷೆಯೊಂದೇ ಕಾರಣವಲ್ಲವೆಂಬುದಕ್ಕೂ, ಹಳೆಯ ಹೆಸರು ಸದಾ ಗೆಲ್ಲುವುದಿಲ್ಲವೆಂಬುದಕ್ಕೂ ಇದೇ ತಾಲೂಕಿನಲ್ಲಿ ಇನ್ನೊಂದು ನಿದರ್ಶನವಿದೆ. ಇಂದಿನ ವಿಜಯಪುರ ಹಿಂದೆ ವಡಿಗೇನಹಳ್ಳಿ. ಇಲ್ಲಿ ‘ಹಳ್ಳಿ’ಯ ಬದಲು ‘ಪುರ’ ಬಂದಿತು, ನಿಂತಿತು. ಪುರಸಭೆ, ಶಾಲೆ, ಅಂಚೆ, ಬಸ್ಸಿನ ಫಲಕ ಇವುಗಳ ಮೂಲಕ ತಲೆಮಾರುಗಳ ಕಾಲ ನಿತ್ಯವೂ ಓದಿಸಿಕೊಂಡ ಹೆಸರು ಅದು. ಯೂಸುಫಾಬಾದಿಗೆ ಅಂಥ ಕಾಲಾವಧಿ ದೊರೆಯಲಿಲ್ಲ. 2014ರ ನವೆಂಬರ್ 1ರಂದು ಬಿಜಾಪುರವೂ ಅಧಿಕೃತವಾಗಿ ವಿಜಯಪುರವಾದುದರಿಂದ ಈಗ ಈ ಊರನ್ನು ಪ್ರತ್ಯೇಕಿಸಿ ಹೇಳಬೇಕಾಗಿ ಬಂದಿರುವುದು ಹೆಸರುಗಳ ಚರಿತ್ರೆಯ ಮತ್ತೊಂದು ತಿರುವು.

5. ಕಚೇರಿಯ ಪದಗಳು

ಊರಹೆಸರಿಗೆ ಹೋಲಿಸಿದರೆ ಆಡಳಿತ ಪದಗಳ ಪದರಗಳು ಹೆಚ್ಚು ಸ್ಪಷ್ಟ. ‘ನಾಡು’ ಅತ್ಯಂತ ಹಳೆಯ ಪದರ. ಚೋಳರ ಕಾಲದ ತಮಿಳು ಶಾಸನಗಳು ಯಲಹಂಕವನ್ನು ‘ಇಲೈಪ್ಪಾಕ್ಕ ನಾಡು’ ಎಂದು ಕರೆಯುತ್ತವೆ. 1687ರಲ್ಲಿ ಮೊಗಲರು ಸಿರಾ ಪ್ರಾಂತವನ್ನು ರಚಿಸಿದಾಗ ದೊಡ್ಡಬಳ್ಳಾಪುರ, ಹೊಸಕೋಟೆಗಳು ಅದರ ಏಳು ‘ಪರಗಣ’ಗಳಲ್ಲಿ ಸೇರಿದವು. 1831ರ ಅನಂತರ ಬ್ರಿಟಿಷ್ ಕಮಿಷನರುಗಳ ಆಡಳಿತ ಬಂದಿತು. ಬೌರಿಂಗನ ಕಾಲದಲ್ಲಿ ಸಂಸ್ಥಾನವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ವಿಂಗಡಿಸಲಾಗಿ ಬೆಂಗಳೂರು ಜಿಲ್ಲೆ ನಂದಿದುರ್ಗ ವಿಭಾಗಕ್ಕೆ ಸೇರಿತು. ಪರಗಣ ಕಣ್ಮರೆಯಾಯಿತು, ಜಿಲ್ಲೆ, ತಾಲೂಕು, ಹೋಬಳಿಗಳು ಉಳಿದವು. ದೇವನಹಳ್ಳಿ ತಾಲೂಕಿನ ನಾಲ್ಕು ಹೋಬಳಿಗಳು ಕಸಬಾ, ವಿಜಯಪುರ, ಚನ್ನರಾಯಪಟ್ಟಣ ಮತ್ತು ಕುಂದಾಣ.

ಅಧಿಕಾರಿಗಳ ಹೆಸರುಗಳೂ ಹೀಗೆಯೇ. ಮೈಸೂರು ಸಂಸ್ಥಾನದ ಅಮಲ್ದಾರ ಏಕೀಕರಣದ ಅನಂತರ ತಹಸೀಲ್ದಾರನಾದನು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯಿಂದ ಶಾನುಭೋಗನ ಸ್ಥಾನಕ್ಕೆ ಗ್ರಾಮಲೆಕ್ಕಿಗ ಬಂದನು. ಇತ್ತೀಚೆಗೆ ಆ ಹುದ್ದೆ ಗ್ರಾಮ ಆಡಳಿತಾಧಿಕಾರಿಯದಾಗಿದೆ. ಪದವಿ ಅಳಿದ ಮೇಲೂ ಪಟೇಲ, ಶಾನುಭೋಗ ಎಂಬವು ಮನೆತನಗಳ ಹೆಸರಾಗಿ ಉಳಿದಿವೆ. ಜನರಿಲ್ಲದ ಊರನ್ನು ಕಂದಾಯ ದಾಖಲೆ ‘ಬೇಚರಾಕ್’ ಎನ್ನುತ್ತದೆ. ಪಾರಸಿಯ ‘ಬೇ ಚಿರಾಗ್’, ಅಂದರೆ ದೀಪವಿಲ್ಲದ್ದು.

ಈ ಪದರವಿನ್ಯಾಸ ನಮಗಷ್ಟೇ ವಿಶಿಷ್ಟವಲ್ಲ. ಪೋರ್ಚುಗಲ್ಲಿನಲ್ಲಿ ಅರಬರ ಆಳ್ವಿಕೆ ಹದಿಮೂರನೆಯ ಶತಮಾನದಲ್ಲಿಯೇ ಕೊನೆಗೊಂಡರೂ ಹಳ್ಳಿಗೆ ಇಂದಿಗೂ ಇರುವ ‘ಅಲ್ಡೇಯ’ ಎಂಬ ಪದ, ಕೋಟೆಯ ಅಧಿಕಾರಿಗಿದ್ದ ‘ಅಲ್ಕೈಡ್’ ಎಂಬ ಪದ ಎರಡೂ ಅರಬ್ಬಿ ಮೂಲದವು. ನಮ್ಮ ಕಸಬಾ, ತಾಲೂಕು, ಜಿಲ್ಲೆಗಳೂ ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಬಂದವು. ಆದರೆ ಒಂದು ಭೇದವಿದೆ. ಅಲ್ಲಿ ಅಲ್ಡೇಯ, ವಿಲ, ಸಿಡಾಡ್ ಎಂಬ ಶ್ರೇಣಿಯಲ್ಲಿ ಊರಿನ ಅಂತಸ್ತು ಅಧಿಕೃತವಾಗಿ ಏರುತ್ತದೆ. ಇಲ್ಲಿ ಪುರಸಭೆಯಾದರೂ ದೇವನಹಳ್ಳಿಯ ಹೆಸರಿನಲ್ಲಿ ಹಳ್ಳಿ ಹಾಗೆಯೇ ಇದೆ.

6. ‘ಗ್ರಾಮಾಂತರ’ದಿಂದ ‘ಉತ್ತರ’ಕ್ಕೆ

1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳು ಪ್ರತ್ಯೇಕ ಜಿಲ್ಲೆಯಾದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಉಳಿದವು. ‘ಗ್ರಾಮಾಂತರ’ದ ಸಂಸ್ಕೃತಾರ್ಥ ‘ಬೇರೊಂದು ಗ್ರಾಮ’. ದೇಶಾಂತರ, ರೂಪಾಂತರಗಳಲ್ಲಿರುವ ‘ಅಂತರ’ವೇ ಇಲ್ಲಿಯದೂ. ಕನ್ನಡದಲ್ಲಿ ಅದು ನಗರದ ಹೊರಗಿನ ಪ್ರದೇಶ ಎಂಬ ಅರ್ಥ ತಳೆಯಿತು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು.

ದಿಕ್ಕಿನ ಹೆಸರಿಗೆ ಒಂದು ಕೇಂದ್ರ ಬೇಕು. ‘ಉತ್ತರ’ ಎಂದಾಗ ಹೇಳುವವನು ನಿಂತಿರುವುದು ಬೆಂಗಳೂರಿನಲ್ಲಿ. ‘ಬೆಂಗಳೂರು ಉತ್ತರ’ ಎಂಬ ತಾಲೂಕು ನಗರ ಜಿಲ್ಲೆಯಲ್ಲಿ ಈಗಾಗಲೇ ಇರುವುದು ವ್ಯವಹಾರದ ತೊಡಕು. ಅದಕ್ಕಿಂತ ಮುಖ್ಯವಾದುದು, ತಮ್ಮದೇ ಕೋಟೆ, ಪೇಟೆ, ಕೆರೆಗಳ ಚರಿತ್ರೆಯುಳ್ಳ ನಾಲ್ಕು ಪಟ್ಟಣಗಳನ್ನು ಎರಡು ಹೆಸರುಗಳೂ ನಗರದ ಶೇಷವಾಗಿ ಗುರುತಿಸುತ್ತವೆ ಎಂಬುದು. 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂದಾಗ ಆವತಿಯ ವಲಸೆಯ ನೆನಪು ಪರೋಕ್ಷವಾಗಿ ಇಲ್ಲಿಗೆ ಮರಳಿತು. ಜಿಲ್ಲೆಯ ಹೆಸರಿಗೆ ಅಂಥ ಅವಕಾಶ ದೊರೆಯಲಿಲ್ಲ.

7. ಸಮಾರೋಪ

ಜಿಲ್ಲೆಯ ಹೆಸರು ಕಚೇರಿಯ ಪದ. ಅದು ಬದಲಾದರೂ ದ್ಯಾವ್ನಳ್ಳಿಯ ಹೆಸರಿಗೆ ಅಪಾಯವಿಲ್ಲ. ಅಪಾಯವಿರುವುದು ಅದಕ್ಕಿಂತ ಕೆಳಗಿನ ಸ್ತರದಲ್ಲಿ: ಹೊಲ, ಗುಂಡುತೋಪು, ಕಟ್ಟೆ, ಕಾಲುವೆ, ತೂಬುಗಳ ಹೆಸರುಗಳಲ್ಲಿ. ಇವುಗಳಲ್ಲಿ ಬಹುಪಾಲು ಶಾಸನದಲ್ಲಿಲ್ಲ. ಪಹಣಿಯಲ್ಲಿ ಸರ್ವೆ ನಂಬರು ಮಾತ್ರವಿದೆ. ಜಮೀನು ಬಡಾವಣೆಯಾದಾಗ ಆ ಹೆಸರನ್ನು ಹೇಳುವ ಸಂದರ್ಭವೇ ಇಲ್ಲವಾಗುತ್ತದೆ. ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ 1905ರಲ್ಲಿಯೇ ಪ್ರಕಟವಾಯಿತು. ಬಾಯಿಮಾತಿನ ಸ್ಥಳನಾಮಗಳಿಗೆ ಅಂಥ ಸಂಪುಟ ಬೇಕಾಗಿದೆ. ಗ್ರಾಮ ನಕಾಶೆಯನ್ನು ಮುಂದಿಟ್ಟುಕೊಂಡು, ನೀರಗಂಟಿಗಳೊಡನೆ, ಬೇಸಾಯಗಾರರೊಡನೆ ಕುಳಿತು, ಉಚ್ಚಾರಣೆಯ ರೂಪದಲ್ಲಿಯೇ ಅವನ್ನು ದಾಖಲಿಸುವುದು ಈ ನಾಲ್ಕು ತಾಲೂಕುಗಳ ಸಂಶೋಧಕರ ಮುಂದಿರುವ ತುರ್ತಿನ ಕೆಲಸ.